ತರಬೇತಿ ಉಂಟು, ಕೆಲಸ ಕೇಳಬೇಡಿ

ನಮ್ಮ ಹುಡುಗರಿಗೆ ಕೆಲಸ ಬರುವುದಿಲ್ಲವಂತೆ. ಅದಕ್ಕೇ ಕೆಲಸ ಸಿಗುತ್ತಿಲ್ಲವಂತೆ.

ಇದು ಸರ್ಕಾರದ ವಾದ. ಕೇಂದ್ರದ್ದೂ ಇದೇ, ರಾಜ್ಯದ್ದೂ ಇದೇ. ತೆರಿಗೆ ಪಾಲಿಗೆ, ನೀರಿಗೆ, ಅಕ್ಕಿಗೆ ಜುಟ್ಟು ಹಿಡಿದು ಜಗಳವಾಡುವ ಎರಡೂ ಸರ್ಕಾರಗಳು ಇದೊಂದು ಮಾತಿನಲ್ಲಿ ಒಂದೇ ತಾಯಿಯ ಮಕ್ಕಳು. ಪಕ್ಷ ಬದಲಾದರೂ ಭಾಷಣ ಬದಲಾಗುವುದಿಲ್ಲ. ಉದ್ಯೋಗ ಬೇಕಾದಷ್ಟಿದೆ, ಯುವಜನರಲ್ಲಿ ಕೌಶಲ್ಯದ ಕೊರತೆ ಇದೆ. ಚಪ್ಪಾಳೆ. ಭಾಷಣ ಮಾಡಿದವರು ಕಾರು ಹತ್ತುತ್ತಾರೆ. ಕೊರತೆ ಇರುವವರು ಬಸ್ಸಿಗೆ ಕಾಯುತ್ತಾರೆ.

ಈ ಮಾತನ್ನು ಎಲ್ಲಿ ಬೇಕಾದರೂ ಹೇಳಿ. ಹರಿಹರಕ್ಕೆ ಬಂದು ಮಾತ್ರ ಹೇಳಬೇಡಿ.

1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಶುರುವಾಯಿತು. ತುಂಗಭದ್ರೆಯ ದಂಡೆಯ ಒಂದು ಸಣ್ಣ ಊರು ಲೇತ್ ತಯಾರಿಸುವುದನ್ನು ಕಲಿಯಿತು. ಸೋಪು, ಬೆಂಕಿಪೊಟ್ಟಣ ಅಲ್ಲ. ಬೇರೆ ಯಂತ್ರಗಳನ್ನು ಹುಟ್ಟಿಸುವ ಯಂತ್ರ. ಇಲ್ಲಿಂದ ಹೊರಟ ಲೇತ್‌ಗಳು ದೇಶದ ವರ್ಕ್‌ಶಾಪ್‌ಗಳಿಗೆ, ಪಾಲಿಟೆಕ್ನಿಕ್‌ಗಳಿಗೆ, ಐಟಿಐಗಳಿಗೆ ಹೋದವು. ಎಲ್ಲೆಲ್ಲಿಯದೋ ಟರ್ನರ್‌ಗಳು ಕೈ ಪಳಗಿಸಿಕೊಂಡದ್ದು ಹರಿಹರದವರು ಮಾಡಿ ಕಳಿಸಿದ ಯಂತ್ರದ ಮೇಲೆ. ಆಗ ಕೌಶಲ್ಯಾಭಿವೃದ್ಧಿ ನಿಗಮ ಇರಲಿಲ್ಲ. ಕೌಶಲ್ಯಾಭಿವೃದ್ಧಿ ಸಚಿವರಿರಲಿಲ್ಲ. ಲಾಂಛನ, ಘೋಷವಾಕ್ಯ, ಪೋರ್ಟಲ್ ಯಾವುದೂ ಇರಲಿಲ್ಲ. ಕಾರ್ಖಾನೆ ಇತ್ತು. ಹಳ್ಳಿಯಿಂದ ಬಂದ ಹುಡುಗ ಅಪ್ರೆಂಟಿಸ್ ಆಗಿ ಒಳಗೆ ಹೋದ, ಮೇಸ್ತ್ರಿಯ ಬೈಗುಳ ತಿಂದ, ಕೆಲಸಗಾರನಾಗಿ ಹೊರಗೆ ಬಂದ. ಸಂಬಳದ ದಿನ ಹರಿಹರದ ಬಜಾರು ತುಂಬಿತು.

ಈ ಶತಮಾನ ಕಣ್ಣು ಬಿಡುವ ಹೊತ್ತಿಗೆ ಆ ಗೇಟಿಗೆ ಬೀಗ ಬಿತ್ತು.

ಬೀಗ ಬಿದ್ದ ದಿನ ಹರಿಹರದಲ್ಲಿ ಕೌಶಲ್ಯದ ಕೊರತೆ ಇತ್ತೇ? ಉತ್ತರ ಕೊಡಿ ಸ್ವಾಮಿ. ಕೂದಲೆಳೆಯಷ್ಟು ವ್ಯತ್ಯಾಸವನ್ನು ಬೆರಳಿನಲ್ಲೇ ಮುಟ್ಟಿ ಹೇಳುವ ಟರ್ನರ್‌ಗಳಿದ್ದರು, ಫಿಟರ್‌ಗಳಿದ್ದರು, ಫೌಂಡ್ರಿ ಬಲ್ಲವರಿದ್ದರು. ಅಷ್ಟು ಕೌಶಲ್ಯ ಒಂದೇ ಊರಲ್ಲಿ ಒಟ್ಟಿಗೆ ಬೀದಿಗೆ ಬಿತ್ತು. ಯಾರು ಎತ್ತಿಕೊಂಡರು? ಕೆಲವರು ಸಾಲ ಮಾಡಿ ಸಣ್ಣ ವರ್ಕ್‌ಶಾಪ್ ಹಾಕಿಕೊಂಡರು. ಕೆಲವರು ಆಟೋ ಓಡಿಸಿದರು. ಕೆಲವರು ಯಾರದೋ ಗೇಟಿನಲ್ಲಿ ವಾಚ್‌ಮನ್ ಆಗಿ ಕೂತರು. ಬರಬೇಕಾದ ಬಾಕಿಗಾಗಿ ವರ್ಷಾನುಗಟ್ಟಲೆ ಕೋರ್ಟಿನ ಕಡೆ ಮುಖ ಮಾಡಿದವರೂ ಅವರೇ. ಅವರ ಮೊಮ್ಮಕ್ಕಳಿಗೆ ಈಗ ಸರ್ಕಾರ ಹೇಳುತ್ತಿದೆ: ಕೌಶಲ್ಯ ಕಲಿಯಿರಿ, ಕೆಲಸ ತಾನಾಗಿ ಬರುತ್ತದೆ. ಅಜ್ಜನಿಗೆ ಗೊತ್ತಿದೆ ಏನು ಬರುತ್ತದೆಂದು. ಅಜ್ಜನನ್ನು ಯಾರೂ ವೇದಿಕೆಗೆ ಕರೆಯುವುದಿಲ್ಲ.

ದಾವಣಗೆರೆಯದೂ ಇದೇ ಕತೆ, ಸ್ವಲ್ಪ ಮುಂಚಿನದು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಶಾಲೆಯಲ್ಲಿ ನಮಗೆ ಉರು ಹೊಡೆಸಿದರು. ಪ್ರಶ್ನೆಪತ್ರಿಕೆಯಲ್ಲಿ ಒಂದು ಅಂಕಕ್ಕೆ ಬರುತ್ತಿತ್ತು. ಆ ಒಂದು ಅಂಕ ಬಿಟ್ಟರೆ ಮ್ಯಾಂಚೆಸ್ಟರಿನಿಂದ ನಮಗೆ ಬಂದದ್ದು ಏನೂ ಇಲ್ಲ. ಹತ್ತಿ ಗಿರಣಿಗಳ ಸೈರನ್ನಿಗೆ ಊರು ಏಳುತ್ತಿತ್ತು, ಮಲಗುತ್ತಿತ್ತು. ಗಿರಣಿ ಕಾರ್ಮಿಕರ ಬಲ ಎಷ್ಟಿತ್ತೆಂದರೆ, ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರು ಇಲ್ಲಿಂದ ಮತ್ತೆ ಮತ್ತೆ ಗೆದ್ದು ವಿಧಾನಸಭೆಗೆ ಹೋದರು. ಆಮೇಲೆ ಒಂದೊಂದಾಗಿ ಚಿಮಣಿಗಳು ತಣ್ಣಗಾದವು. ದಾವಣಗೆರೆ ಕಾಟನ್ ಮಿಲ್ ಹೋಯಿತು, ಡಿಸಿಎಂ ಟೌನ್‌ಶಿಪ್ ಎಂಬ ಹೆಸರು ಉಳಿಯಿತು. ಹೊರಗಿನಿಂದ ಬಂದವರು ಅದು ಯಾವುದೋ ಉಪಮುಖ್ಯಮಂತ್ರಿಯ ಬಡಾವಣೆ ಎಂದುಕೊಳ್ಳುತ್ತಾರೆ. ತಿದ್ದಿ ತಿದ್ದಿ ಸಾಕಾಗಿದೆ.

ಗಿರಣಿ ಹೋದ ಊರಿಗೆ ಏನು ಬಂತು? ಕಾಲೇಜುಗಳು ಬಂದವು. ಎಂಜಿನಿಯರಿಂಗ್, ಮೆಡಿಕಲ್, ಡೆಂಟಲ್, ಫಾರ್ಮಸಿ. ಬಟ್ಟೆ ನೇಯುತ್ತಿದ್ದ ಊರು ಸರ್ಟಿಫಿಕೇಟ್ ನೇಯಲು ಶುರು ಮಾಡಿತು. ಬಾಪೂಜಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಜವಳಿ ತಂತ್ರಜ್ಞಾನವನ್ನೂ ಕಲಿಸುತ್ತಾರೆ. ಜವಳಿ ಗಿರಣಿ ನೋಡಬೇಕೆಂದರೆ ಹುಡುಗರು ಊರು ಬಿಟ್ಟು ಹೋಗಬೇಕು.

ಈ ಹೊತ್ತಿಗೆ ಸರ್ಕಾರಕ್ಕೆ ಜ್ಞಾನೋದಯವಾಯಿತು. ಕಾರ್ಖಾನೆ ತರುವುದು ಕಷ್ಟ. ಜಾಗ ಕೊಡಬೇಕು, ನೀರು ಕೊಡಬೇಕು, ಕರೆಂಟು ಕೊಡಬೇಕು. ತರಬೇತಿ ಸುಲಭ. ಬಾಡಿಗೆಗೆ ಒಂದು ಮಾಳಿಗೆ, ಮೂವತ್ತು ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ಒಂದು ಫ್ಲೆಕ್ಸ್.

ಹಾಗಾಗಿ ಗುರಿಗಳ ಕಾಲ ಬಂತು. 2009ರ ರಾಷ್ಟ್ರೀಯ ನೀತಿ ಹೇಳಿತು: 2022ರೊಳಗೆ 50 ಕೋಟಿ ಜನರಿಗೆ ಕೌಶಲ್ಯ. ಸರ್ಕಾರ ಬದಲಾಯಿತು. 2015ರ ಜುಲೈ 15ರಂದು ಹೊಸ ಸರ್ಕಾರ ಸ್ಕಿಲ್ ಇಂಡಿಯಾ ಶುರು ಮಾಡಿ ಹೇಳಿತು: 2022ರೊಳಗೆ 40 ಕೋಟಿ. ಆರು ವರ್ಷದಲ್ಲಿ ಹತ್ತು ಕೋಟಿ ಜನ ಎಲ್ಲಿ ಹೋದರೋ, ಯಾರೂ ಕೇಳಲಿಲ್ಲ. ಕರ್ನಾಟಕ ಸುಮ್ಮನಿರುತ್ತದೆಯೇ? 2017ರಲ್ಲಿ ಮುಖ್ಯಮಂತ್ರಿಗಳ ಕೌಶಲ್ಯ ಕರ್ನಾಟಕ ಯೋಜನೆ. ವರ್ಷಕ್ಕೆ 5 ಲಕ್ಷ. 2022 ಬಂತು, 2022 ಹೋಯಿತು. ಕ್ಯಾಲೆಂಡರಿಗೆ ನಾಚಿಕೆಯಾಗಿರಬೇಕು, ಮಂತ್ರಿಗಳಿಗಂತೂ ಆಗಲಿಲ್ಲ. ಈಗ 2025–32ರ ರಾಜ್ಯ ಕೌಶಲ್ಯಾಭಿವೃದ್ಧಿ ನೀತಿ ಬಂದಿದೆ. ಗುರಿಯ ವರ್ಷ ಯಾವಾಗಲೂ ಮುಂದಿನ ಚುನಾವಣೆಯ ಆಚೆಗಿರುತ್ತದೆ. ಈ ಒಂದು ಲೆಕ್ಕದಲ್ಲಿ ನಮ್ಮವರು ಎಂದೂ ತಪ್ಪಿಲ್ಲ.

ಲೆಕ್ಕ ಎಂದೆನಲ್ಲ, ಲೆಕ್ಕವನ್ನೇ ನೋಡೋಣ.

ಪ್ರಧಾನಮಂತ್ರಿ ಕೌಶಲ್ ವಿಕಾಸ್ ಯೋಜನೆಯ ಬಗ್ಗೆ ಸಿಎಜಿ ವರದಿ 2025ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮುಂದೆ ಬಂತು. ತರಬೇತಿ ಪಡೆದವರ ಬ್ಯಾಂಕ್ ಖಾತೆಯ ವಿವರ ಎಲ್ಲಿ ಎಂದು ಲೆಕ್ಕಪರಿಶೋಧಕರು ಹುಡುಕಿದರು. ನೂರಕ್ಕೆ ತೊಂಬತ್ತನಾಲ್ಕಕ್ಕೂ ಹೆಚ್ಚು ಜನರ ಎದುರು ಆ ಜಾಗ ಖಾಲಿ, ಇಲ್ಲವೇ ಸೊನ್ನೆ. ಕೆಲವು ಕಡೆ ಖಾತೆ ಸಂಖ್ಯೆ ಎಂದು ಬರೀ ಒಂದು, ಒಂದು, ಒಂದು. ಒಂದೇ ಫೋಟೊ ಹಲವರಿಗೆ. ನಮ್ಮ ಮನೆಯ ಮುದುಕಿ ಪಿಂಚಣಿಗೆ ಹೋದಾಗ ಹೆಸರಿನಲ್ಲಿ ಒಂದು ದೀರ್ಘ ತಪ್ಪಿದ್ದಕ್ಕೆ ವಾಪಸ್ ಕಳಿಸಿದರು. ಇಲ್ಲಿ 111111 ಎಂಬ ಖಾತೆಗೆ ದೇಶವೇ ತಲೆಬಾಗಿ ನಮಸ್ಕರಿಸಿದೆ.

ಈ ಯೋಜನೆಯಲ್ಲಿ ಇನ್ನೊಂದು ಸೊಗಸು ಇದೆ. ಈಗಾಗಲೇ ಕೆಲಸ ಬಲ್ಲವನಿಗೆ, ನಿನಗೆ ಕೆಲಸ ಬರುತ್ತದೆ ಎಂದು ಸರ್ಟಿಫಿಕೇಟ್ ಕೊಡುವ ವ್ಯವಸ್ಥೆ. ಪೂರ್ವಕಲಿಕೆಯ ಮಾನ್ಯತೆ ಎನ್ನುತ್ತಾರೆ. ಕೆಲವು ತಾಸಿನ ಪಾಠ, ಒಂದು ಪರೀಕ್ಷೆ, ಒಂದು ಟೀ ಶರ್ಟು. ಯೋಜನೆಯ ಕೋಟಿ ಲೆಕ್ಕದಲ್ಲಿ ದೊಡ್ಡ ಪಾಲು ಇಂಥವರದೇ. ನಮ್ಮ ಮಂಡಕ್ಕಿ ಭಟ್ಟಿಗೆ ಬನ್ನಿ. ಹೊಟ್ಟಿನ ಬೆಂಕಿಯ ಮುಂದೆ, ಹೊಗೆಯೊಳಗೆ, ಕಾದ ಮರಳಿನಲ್ಲಿ ಅಕ್ಕಿ ಅರಳಿಸುತ್ತ ಜೀವ ಸವೆಸಿದವರಿದ್ದಾರೆ. ಇಡೀ ಊರು ಸಂಜೆ ಮಿರ್ಚಿ ಮಂಡಕ್ಕಿ ತಿನ್ನುವುದು ಅವರ ಶ್ವಾಸಕೋಶದ ಖರ್ಚಿನಲ್ಲಿ. ಅವರಿಗೆ ಬೇಕಾದದ್ದು ಹೊಗೆ ಹೋಗಲು ದಾರಿ, ಒಳ್ಳೆಯ ಒಲೆ, ಕೂಲಿ. ಸ್ಮಾರ್ಟ್ ಸಿಟಿ ಎಂದು 2016ರ ಮೊದಲ ಪಟ್ಟಿಯಲ್ಲೇ ದಾವಣಗೆರೆ ಬಂದಾಗ ಭಟ್ಟಿಗಳ ಸುಧಾರಣೆಯೂ ಕಾಗದದಲ್ಲಿತ್ತು. ಕಾಗದ ಈಗಲೂ ಬೆಳ್ಳಗಿದೆ. ಭಟ್ಟಿಯ ಗೋಡೆ ಈಗಲೂ ಕಪ್ಪಗಿದೆ.

ಕೆಲಸ ಸಿಕ್ಕಿತೇ ಎಂಬ ಪ್ರಶ್ನೆಗೆ ಬರೋಣ. ಕೇಂದ್ರದ ಯೋಜನೆಯ ಮೊದಲ ಮೂರು ಆವೃತ್ತಿಗಳಲ್ಲಿ, ಅಲ್ಪಾವಧಿ ತರಬೇತಿ ಮುಗಿಸಿ ಸರ್ಟಿಫಿಕೇಟ್ ಪಡೆದವರಲ್ಲಿ ಎಷ್ಟು ಜನಕ್ಕೆ ಕೆಲಸ ಸಿಕ್ಕಿತೆಂದು ಲೆಕ್ಕ ಇಡುತ್ತಿದ್ದರು. ಸರ್ಕಾರದ್ದೇ ಅಂಕಿಯ ಪ್ರಕಾರ ಅರ್ಧದಷ್ಟು ಜನಕ್ಕೂ ಸಿಗಲಿಲ್ಲ. ಮರ್ಯಾದೆ ಹೋಗುವ ವಿಷಯ. ಏನು ಮಾಡಿದರು? ತರಬೇತಿ ಸುಧಾರಿಸಿದರೇ? ಇಲ್ಲ. ನಾಲ್ಕನೆಯ ಆವೃತ್ತಿಯಲ್ಲಿ ಲೆಕ್ಕ ಇಡುವುದನ್ನೇ ಕೈಬಿಟ್ಟರು. ಅಭ್ಯರ್ಥಿಗಳು ತಮ್ಮ ದಾರಿಯನ್ನು ತಾವೇ ಆರಿಸಿಕೊಳ್ಳುವಂತೆ ಸಬಲರನ್ನಾಗಿಸುವುದು ಈಗಿನ ಉದ್ದೇಶವಂತೆ. ನಮ್ಮ ಹುಡುಗರು ಆರಿಸಿಕೊಂಡ ದಾರಿ ನನಗೆ ಗೊತ್ತು. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುತ್ತದೆ.

ಕೆಲಸ ಸಿಕ್ಕವರ ಪಟ್ಟಿಯನ್ನೂ ಒಮ್ಮೆ ಬಿಡಿಸಿ ನೋಡಬೇಕು. ಸ್ವ-ಉದ್ಯೋಗಿ ಟೈಲರ್ ಎಂಬುದೊಂದು ಅಧಿಕೃತ ಹುದ್ದೆ. ಅಂದರೆ ಹೆಣ್ಣುಮಗಳೊಬ್ಬಳು ಹೊಲಿಗೆ ಕಲಿಯುತ್ತಾಳೆ, ಮನೆಗೆ ಹೋಗುತ್ತಾಳೆ, ನೆರೆಮನೆಯವರ ಬ್ಲೌಸಿಗೆ ಹುಕ್ಕು ಹಾಕಿಕೊಡುತ್ತಾಳೆ. ಅಲ್ಲಿಗೆ ಉದ್ಯೋಗ ಸೃಷ್ಟಿಯಾಯಿತು. ಅವಳಿಗೆ ಹೊಲಿಗೆ ಯಂತ್ರ ಯಾರು ಕೊಟ್ಟರು, ದಿನಕ್ಕೆ ಎಷ್ಟು ಸಿಗುತ್ತದೆ, ರೆಡಿಮೇಡ್ ಅಂಗಡಿಯ ಮುಂದೆ ಅವಳು ಹೇಗೆ ನಿಲ್ಲುತ್ತಾಳೆ, ಇದೆಲ್ಲ ಪೋರ್ಟಲ್‌ನಲ್ಲಿ ತುಂಬುವ ಕಾಲಂ ಅಲ್ಲ. ಒಂದು ಕಾಲದಲ್ಲಿ ಇಡೀ ಗಿರಣಿಗಳನ್ನೇ ನಡೆಸಿದ ಊರಿಗೆ ಸರ್ಕಾರ ಕೊನೆಗೂ ಜವಳಿ ಉದ್ಯಮವನ್ನು ವಾಪಸ್ ಕೊಟ್ಟಿದೆ. ಒಬ್ಬೊಬ್ಬರಿಗೆ ಒಂದೊಂದು ಸೂಜಿಯಂತೆ.

ಕಾರ್ಖಾನೆ ಇಲ್ಲದ ಕಡೆ ಕಾರ್ಖಾನೆಯ ಕೆಲಸ ಕಲಿಸುವುದೆಂದರೆ, ಹಂಚೂ ಇಲ್ಲದೆ ಒಲೆಯೂ ಇಲ್ಲದೆ ಬೆಣ್ಣೆ ದೋಸೆ ಹುಯ್ಯುವುದನ್ನು ಕಪ್ಪು ಹಲಗೆಯ ಮೇಲೆ ಬರೆದು ತೋರಿಸಿದ ಹಾಗೆ. ಪರೀಕ್ಷೆಯಲ್ಲಿ ಎಲ್ಲರೂ ಪಾಸಾಗುತ್ತಾರೆ. ಹೊಟ್ಟೆ ಮಾತ್ರ ಫೇಲು.

ಐಟಿಐಗಳಿಗೆ ಹಣ ಹಾಕಿಲ್ಲವೇ ಎಂದು ಯಾರಾದರೂ ಕೇಳಬಹುದು. ಹಾಕಿದ್ದಾರೆ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಸಂಸ್ಥೆಯ ಜೊತೆ ಸೇರಿ ಮೇಲ್ದರ್ಜೆಗೇರಿಸಿದರು. ಸುಮಾರು 4,700 ಕೋಟಿ ರೂಪಾಯಿ. 2022ರ ಜೂನ್ 20ರಂದು ಪ್ರಧಾನಿ ಬೆಂಗಳೂರಿಗೆ ಬಂದು ಎಲ್ಲವನ್ನೂ ಒಂದೇ ಏಟಿಗೆ ಲೋಕಾರ್ಪಣೆ ಮಾಡಿದರು. ರೋಬೊ, ಸಿಎನ್‌ಸಿ, ಎಲೆಕ್ಟ್ರಿಕ್ ವಾಹನ. ಒಳ್ಳೆಯದೇ. ನಾನೂ ಚಪ್ಪಾಳೆ ತಟ್ಟುತ್ತೇನೆ. ಒಂದು ಸಣ್ಣ ಅನುಮಾನ ಮಾತ್ರ. ನಮ್ಮ ದಾವಣಗೆರೆ ಜಿಲ್ಲೆಯ ಬದುಕು ನಿಂತಿರುವುದು ಮೆಕ್ಕೆಜೋಳದ ಮೇಲೆ, ಭತ್ತದ ಮೇಲೆ, ಚನ್ನಗಿರಿಯ ಅಡಿಕೆಯ ಮೇಲೆ, ರೈಸ್ ಮಿಲ್ಲುಗಳ ಮೇಲೆ. ರೋಬೊ ಕಲಿತ ಹುಡುಗ ಇಲ್ಲಿ ಯಾರ ಬಾಗಿಲು ತಟ್ಟಬೇಕು? ಎಪಿಎಂಸಿ ಹಮಾಲರ ಸಂಘದ್ದೇ? ಮೆಕ್ಕೆಜೋಳ ಚೀಲದಲ್ಲಿ ತುಂಬಿ ಲಾರಿಯಲ್ಲಿ ಹೊರಗೆ ಹೋಗುತ್ತದೆ. ಹುಡುಗನೂ ಬ್ಯಾಗು ತುಂಬಿಕೊಂಡು ಹೊರಗೆ ಹೋಗುತ್ತಾನೆ. ಎರಡಕ್ಕೂ ಬೆಲೆ ಕಟ್ಟುವುದು ಬೇರೆ ಊರಿನಲ್ಲಿ.

ಇದನ್ನೆಲ್ಲ ಯೋಚಿಸಲೆಂದೇ ಪ್ರತಿ ಜಿಲ್ಲೆಗೊಂದು ಕೌಶಲ್ಯ ಸಮಿತಿ ಇದೆ. ಜಿಲ್ಲಾ ಕೌಶಲ್ಯಾಭಿವೃದ್ಧಿ ಯೋಜನೆ ಎಂಬ ಕಡತವೂ ಇದೆ. ಅಧ್ಯಕ್ಷರು ಜಿಲ್ಲಾಧಿಕಾರಿ. ಜಿಲ್ಲಾಧಿಕಾರಿ ಅಧ್ಯಕ್ಷರಾಗಿರದ ಸಮಿತಿ ಈ ರಾಜ್ಯದಲ್ಲಿ ಇದೆಯೇ ಎಂದು ಯಾರಾದರೂ ಪಿಎಚ್‌ಡಿ ಮಾಡಬಹುದು. ಬೆಳಿಗ್ಗೆ ಬರ, ಮಧ್ಯಾಹ್ನ ಕೌಶಲ್ಯ, ಸಂಜೆ ಜಯಂತಿ. ಯೋಜನೆ ಅರ್ಥವಾಗುವ ಹೊತ್ತಿಗೆ ವರ್ಗಾವಣೆ. ಹೊಸಬರು ಬಂದು ಹೊಸದಾಗಿ ಸಭೆ ಕರೆಯುತ್ತಾರೆ. ಗೋಡಂಬಿ ಮಾತ್ರ ಹಳೆಯದು.

ಈಗ ನಗೆ ಬರಿಸುವ ಭಾಗ. ಈ ಹುಡುಗರಿಗೆ ಭದ್ರ ಉದ್ಯೋಗದ ದಾರಿ ತೋರಿಸುವವರು ಯಾರು? ಗುತ್ತಿಗೆಯವರು. ಹೊರಗುತ್ತಿಗೆ ಬೋಧಕ. ಹೊರಗುತ್ತಿಗೆ ಡೇಟಾ ಎಂಟ್ರಿ ಆಪರೇಟರ್. ಏಜೆನ್ಸಿ ಸಂಬಳ ಹಾಕಿದರೆ ಉಂಟು, ಇಲ್ಲದಿದ್ದರೆ ಮುಂದಿನ ತಿಂಗಳು. ಸಂದರ್ಶನದಲ್ಲಿ ಆತ್ಮವಿಶ್ವಾಸದಿಂದ ಕೂರುವುದು ಹೇಗೆ ಎಂದು ಕಲಿಸುವ ಮೇಷ್ಟ್ರು ಬಿಡುವಿನ ವೇಳೆಯಲ್ಲಿ ತಾನೇ ಕೆಪಿಎಸ್‌ಸಿಗೆ ಓದುತ್ತಿರುತ್ತಾನೆ. ಕೆಪಿಎಸ್‌ಸಿ ಪರೀಕ್ಷೆ ಯಾವಾಗ ನಡೆಯುತ್ತದೆ, ನಡೆದದ್ದು ಊರ್ಜಿತವಾಗುತ್ತದೆಯೇ, ಅದನ್ನು ಹರಿಹರೇಶ್ವರನೇ ಹೇಳಬೇಕು.

ಇದೇ ರಾಜ್ಯ ಸರ್ಕಾರದ ಇಲಾಖೆಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಹುದ್ದೆಗಳು ಖಾಲಿ ಇವೆ. ಅಲ್ಲಿ ಯಾವ ಕೌಶಲ್ಯದ ಕೊರತೆ? ಶಾಲೆಯಲ್ಲಿ ಪಾಠ ಮಾಡಲು ಬಿ.ಎಡ್. ಆದವರಿಲ್ಲವೇ? ಆಸ್ಪತ್ರೆಗೆ ನರ್ಸ್‌ಗಳಿಲ್ಲವೇ? ನರ್ಸಿಂಗ್ ಕಾಲೇಜಿನ ಬೋರ್ಡು ಕಾಣದೆ ದಾವಣಗೆರೆಯಲ್ಲಿ ಒಂದು ಕ್ರಾಸು ದಾಟಲು ಆಗುವುದಿಲ್ಲ. ಕೆಲಸ ಕೊಡಬಲ್ಲ ದೊಡ್ಡ ಧಣಿ ತಾನೇ. ಧಣಿ ಬಾಗಿಲು ಹಾಕಿಕೊಂಡು, ಹೊರಗೆ ನಿಂತವರಿಗೆ ಬಾಗಿಲು ತಟ್ಟುವುದರಲ್ಲಿ ತರಬೇತಿ ಕೊಡುತ್ತಿದ್ದಾನೆ.

ರಾಜ್ಯದ ನಿರುದ್ಯೋಗ ಭತ್ಯೆ ಯುವನಿಧಿಯ ಮಾತು ಬಿಡುವಂತಿಲ್ಲ. 2024ರ ಜನವರಿ 12ರಂದು ಪಕ್ಕದ ಶಿವಮೊಗ್ಗದಲ್ಲಿ ಶುರುವಾಯಿತು. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಎರಡು ವರ್ಷ. ಹಣ ಬೇಡವೆನ್ನಲು ನಾನು ಯಾರು? ಅದು ಎಷ್ಟೋ ಮನೆಗಳಲ್ಲಿ ಬಸ್ ಚಾರ್ಜು, ಅರ್ಜಿ ಶುಲ್ಕ. ಆದರೆ ಷರತ್ತು ನೋಡಿ. ಇನ್ನೂ ಕೆಲಸ ಸಿಕ್ಕಿಲ್ಲ ಎಂದು ಆಗಾಗ ತಾನೇ ಘೋಷಿಸಬೇಕು. ಹುಡುಗ ಒಂದು ಇಲಾಖೆಯ ಪೋರ್ಟಲ್‌ನಲ್ಲಿ ತರಬೇತಿ ಪಡೆದ ಕುಶಲಿ. ಇನ್ನೊಂದು ಪೋರ್ಟಲ್‌ನಲ್ಲಿ ಪ್ರಮಾಣ ಮಾಡಿದ ನಿರುದ್ಯೋಗಿ. ಎರಡೂ ಕಡೆ ಅವನು ಒಂದು ಸಾಧನೆ. ಎರಡೂ ಜಾಹೀರಾತಿನಲ್ಲಿ ಒಂದೇ ಮುಖ್ಯಮಂತ್ರಿಯ ನಗು.

ಇನ್ನು ಉದ್ಯೋಗ ಮೇಳ. ಕಾಲೇಜು ಮೈದಾನದಲ್ಲಿ ಶಾಮಿಯಾನ. ಉದ್ಘಾಟನೆಗೆ ಸಂಸದರು, ಶಾಸಕರು, ಮಾಜಿ ಶಾಸಕರು, ಮಾಜಿ ಆಗಲಿರುವವರು. ಹಾರ ತುರಾಯಿಗೆ ಒಂದು ಗಂಟೆ. ಹುಡುಗರು ಪ್ಲಾಸ್ಟಿಕ್ ಫೈಲು ಹಿಡಿದು ಬಿಸಿಲಲ್ಲಿ ನಿಂತಿರುತ್ತಾರೆ. ಜಗಳೂರಿನಿಂದ, ಹೊನ್ನಾಳಿಯಿಂದ ಮೊದಲ ಬಸ್ಸಿಗೆ ಬಂದವರು. ಟೇಬಲ್ಲಿನ ಹಿಂದೆ ಕೂತವರು ಕೊಡುವ ಕೆಲಸಗಳಲ್ಲಿ ಹೆಚ್ಚಿನವು ಬೆಂಗಳೂರಿನವು. ಫೈನಾನ್ಸ್ ಕಂಪನಿಯ ವಸೂಲಿ, ಗೋದಾಮಿನ ಪ್ಯಾಕಿಂಗ್, ಸೆಕ್ಯುರಿಟಿ. ಬಿ.ಇ. ಆದವನಿಗೂ ಅದೇ, ಪಿಯುಸಿ ಫೇಲಾದವನಿಗೂ ಅದೇ. ಸಮಾನತೆ ಎಂದರೆ ಇದು. ಹೇಳುವ ಸಂಬಳದಲ್ಲಿ ಪಿಜಿ ಬಾಡಿಗೆ ಕಳೆದರೆ ಊರಿಗೆ ಕಳಿಸಲು ಉಳಿಯುವುದು ಸೆಲ್ಫಿ ಮಾತ್ರ. ಮರುದಿನ ಪತ್ರಿಕೆಯಲ್ಲಿ ಇಷ್ಟು ಸಾವಿರ ಜನ ನೋಂದಣಿ ಎಂದು ಬರುತ್ತದೆ. ಹೋಟೆಲಿನಲ್ಲಿ ಒಬ್ಬ ಅಪ್ಪ ಆ ಸುದ್ದಿ ಓದಿ ಮಗನಿಗೆ ಹೇಳಿದ್ದನ್ನು ನಾನೇ ಕೇಳಿದೆ: “ನೋಡಲೇ, ನಿನ್ ಫೋಟೊ ಬಂದೈತಿ. ಇದನ್ನೇ ಒಂದು ಫ್ರೇಮ್ ಹಾಕ್ಸು, ಆಫರ್ ಲೆಟ್ರಂತೂ ಬರಂಗಿಲ್ಲ.”

ಸರ್ಕಾರಕ್ಕೆ ತರಬೇತಿ ಕೊಡುವುದು ಗೊತ್ತೇ ಇಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಚೆನ್ನಾಗಿ ಗೊತ್ತು. ಸಿಟ್ಟು ಬರುವುದು ಅದಕ್ಕೇ. ಹರಿಹರದಲ್ಲೇ ಜಿಟಿಟಿಸಿ ಇದೆ. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಹುಟ್ಟಿದ ಸರ್ಕಾರಿ ಸಂಸ್ಥೆಯ ಕೇಂದ್ರ. ಟೂಲ್ ಅಂಡ್ ಡೈ ಡಿಪ್ಲೊಮಾಕ್ಕೆ ಮೂರು ವರ್ಷ ಓದು, ಮೇಲೆ ಒಂದು ವರ್ಷ ಕಾರ್ಖಾನೆಯಲ್ಲೇ ತರಬೇತಿ. ನಿಜವಾದ ಯಂತ್ರ, ನಿಜವಾದ ಎಣ್ಣೆ, ನಿಜವಾದ ಕಬ್ಬಿಣದ ಚೂರು. ಅಲ್ಲಿ ಕಲಿತ ಹುಡುಗರನ್ನು ಕಂಪನಿಗಳು ಹುಡುಕಿಕೊಂಡು ಬರುತ್ತವೆ. ಮಾದರಿ ಕಣ್ಣ ಮುಂದೆ ಅರ್ಧ ಶತಮಾನದಿಂದ ಇದೆ. ಇದನ್ನೇ ತಾಲ್ಲೂಕಿಗೊಂದು ಮಾಡಲು ಏನು ಅಡ್ಡಿ? ಅಡ್ಡಿ ಸಮಯದ್ದು. ನಾಲ್ಕು ವರ್ಷ ಕಲಿಸಿದರೆ ಕೈಗೆ ಬರುವುದು ಕೆಲವೇ ನೂರು ಹುಡುಗರು. ಇನ್ನೂರು, ಮುನ್ನೂರು ಗಂಟೆ ಕಲಿಸಿದರೆ ಲಕ್ಷ. ಭಾಷಣಕ್ಕೆ ಲಕ್ಷವೇ ಚಂದ.

ಅಂದಹಾಗೆ, ಜಿಟಿಟಿಸಿಯಲ್ಲಿ ಕಲಿತ ಹರಿಹರದ ಹುಡುಗನೂ ಹರಿಹರದಲ್ಲಿ ಉಳಿಯುವುದು ಅಪರೂಪ. ಅವನನ್ನು ಕರೆಯುವ ಕಾರ್ಖಾನೆ ಪೀಣ್ಯದಲ್ಲಿದೆ, ಹೊಸೂರಿನಲ್ಲಿದೆ, ಪುಣೆಯಲ್ಲಿದೆ. ಕೌಶಲ್ಯ ಇದ್ದವನಿಗೂ ಊರಿನಲ್ಲಿ ಜಾಗವಿಲ್ಲ, ಇಲ್ಲದವನಿಗೂ ಇಲ್ಲ. ಎರಡು ಊರುಗಳ ನಡುವೆ ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ ಹೊಸ ಹೊಸ ಬಡಾವಣೆಗೆ ಒಪ್ಪಿಗೆ ಕೊಡುತ್ತಲೇ ಇದೆ. ಸೈಟುಗಳಿವೆ. ಅಲ್ಲಿ ಮನೆ ಕಟ್ಟಿಸುವ ಮಕ್ಕಳು ದುಡಿಯುತ್ತಿರುವುದು ವೈಟ್‌ಫೀಲ್ಡ್‌ನಲ್ಲಿ. ಮನೆ ಕಾಯುವವರು ಅಪ್ಪ ಅಮ್ಮ.

ತರಬೇತಿ ಪಡೆದವರು ಎಲ್ಲಿ ಹೋದರೆಂದು ಪತ್ತೆ ಹಚ್ಚುವುದು ಕಷ್ಟ ಎನ್ನುತ್ತಾರೆ ಅಧಿಕಾರಿಗಳು. ಫೋನ್ ನಂಬರ್ ಬದಲಾಗಿರುತ್ತದಂತೆ. ವಿಳಾಸದಲ್ಲಿ ಸಿಗುವುದಿಲ್ಲವಂತೆ. ಪಾಪ.

2024ರ ನವೆಂಬರ್‌ನಲ್ಲಿ ಇದೇ ರಾಜ್ಯದಲ್ಲಿ ಬಿಪಿಎಲ್ ಕಾರ್ಡುಗಳ ಜರಡಿ ಹಿಡಿದರು. ಯಾರು ಆದಾಯ ತೆರಿಗೆ ಕಟ್ಟುತ್ತಾರೆ, ಯಾರು ಸರ್ಕಾರಿ ಸಂಬಳ ತೆಗೆದುಕೊಳ್ಳುತ್ತಾರೆ, ಎಲ್ಲವನ್ನೂ ಕಂಪ್ಯೂಟರ್ ಹೇಳಿತು. ಬಡವರೂ ಆ ಜರಡಿಯಲ್ಲಿ ಬಿದ್ದು ರಾಜ್ಯದಲ್ಲೆಲ್ಲ ಗದ್ದಲವೆದ್ದ ಮೇಲೆ ಸರ್ಕಾರ ಹಿಂದೆ ಸರಿಯಿತು, ಅದು ಬೇರೆ ಮಾತು. ಪಡಿತರದ ಅಕ್ಕಿಗಾಗಿ ಮನೆಯೊಳಗಿನ ಸಂಬಳ ಹುಡುಕಬಲ್ಲ ಆಧಾರ್, ತರಬೇತಿ ಮುಗಿಸಿದ ಹುಡುಗನ ಹೆಸರಿನಲ್ಲಿ ಪಿಎಫ್ ಖಾತೆ ತೆರೆದಿದೆಯೇ ಎಂದು ಹೇಳಲಾರದೇ? ಒಂದು ಬಟನ್ ಒತ್ತಿದರೆ ಗೊತ್ತಾಗುತ್ತದೆ. ಯಾವ ಕೇಂದ್ರದಲ್ಲಿ ಕಲಿತ, ಎಷ್ಟು ತಿಂಗಳು ಪಿಎಫ್ ಕಟ್ಟಿದ, ಸಂಬಳ ಎಷ್ಟು. ಆ ಪಟ್ಟಿಯನ್ನು ಜಿಲ್ಲಾಧಿಕಾರಿ ಕಚೇರಿಯ ಗೋಡೆಗೆ ಅಂಟಿಸಿ, ತರಬೇತಿ ಸಂಸ್ಥೆಗೆ ಹಣ ಬಿಡುಗಡೆ ಮಾಡುವುದನ್ನು ಅದರ ಮೇಲೆ ನಿಲ್ಲಿಸಿ ನೋಡಿ. ಮರುದಿನ ಬೆಳಿಗ್ಗೆ ಊರಿನಲ್ಲಿ ಎಷ್ಟು ತರಬೇತಿ ಕೇಂದ್ರಗಳ ಫ್ಲೆಕ್ಸ್ ಉಳಿದಿರುತ್ತವೆ, ನಾನೇ ಎಣಿಸಿ ವರದಿ ಕೊಡುತ್ತೇನೆ. ಆ ಕೆಲಸಕ್ಕೆ ನನಗೆ ತರಬೇತಿ ಬೇಡ.